ಹಳೆಯ ರೈಲು ಸಿಗ್ನಲ್‌ಗಳ ಹುಡುಕಾಟ: ಯಾವ ಪ್ರಶ್ನೆಗೆ ಯಾವ ದಾಖಲೆ?

ಸಣ್ಣದೊಂದು ರೈಲು ಹಾದಿಯ ಹಳೆಯ ಸಿಗ್ನಲ್ ವ್ಯವಸ್ಥೆ ಹೇಗಿತ್ತು ಅಂತ ಹುಡುಕಲು ಹೊರಟವರು ಸಾಮಾನ್ಯವಾಗಿ ಫೋಟೊಗಳಿಂದ ಶುರು ಮಾಡುತ್ತಾರೆ. ಫೋಟೊ ಸುಲಭವಾಗಿ ಸಿಗುತ್ತದೆ, ನೋಡಲೂ ಚೆಂದ. ಕೈಮರ (ತೋಳಿರುವ ಸಿಗ್ನಲ್ ಕಂಬ) ಕಾಣುತ್ತದೆ, ಸಿಗ್ನಲ್‌ಮನ್ ಕೂರುವ ಕ್ಯಾಬಿನ್ ಕಾಣುತ್ತದೆ. ಆದರೆ ಎದುರುಬದುರು ಬರುವ ಎರಡು ರೈಲು ಡಿಕ್ಕಿಯಾಗದಂತೆ ತಡೆದದ್ದು ಯಾವುದು? ಈ ಮುಖ್ಯ ಪ್ರಶ್ನೆಗೆ ಫೋಟೊದಲ್ಲಿ ಉತ್ತರ ಇರುವುದಿಲ್ಲ. ಅದು ಇರುವುದು ಕಾಗದದಲ್ಲಿ. ಕಾಗದದಲ್ಲೂ ಹಲವು ಬಗೆ. ಒಂದೊಂದನ್ನೂ ಒಂದೊಂದು ವಿಷಯಕ್ಕೆ ಮಾತ್ರ ನಂಬಬಹುದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒಂದೇ ಒಂದು ದಾಖಲೆ ಹುಡುಕುವಷ್ಟು ಸಮಯ ಇದ್ದರೆ, ಸಿಬ್ಬಂದಿಗೆಂದು ಅಚ್ಚಾದ ವರ್ಕಿಂಗ್ ಟೈಮ್‌ಟೇಬಲ್ ಹುಡುಕಿ. ಎರಡನೆಯದಕ್ಕೂ ಸಮಯ ಇದ್ದರೆ ಅಪಘಾತದ ತನಿಖಾ ವರದಿ. ನಿಯಮ ಪುಸ್ತಕ, ನಕ್ಷೆ, ಫೋಟೊ, ಹಿರಿಯರ ನೆನಪು ಎಲ್ಲ ಆಮೇಲೆ.

ಮೊದಲು ಹಾದಿ ಯಾವ ಬಗೆಯದು ಅಂತ ತಿಳಿಯಿರಿ

ಪ್ರಾದೇಶಿಕ ಹಾದಿಗಳಲ್ಲಿ ಜಾಸ್ತಿ ಪಾಲು ಸಿಂಗಲ್ ಲೈನ್. ಅಂದರೆ ಒಂದೇ ಹಳಿ, ಎರಡೂ ದಿಕ್ಕಿನ ಓಡಾಟ, ಸ್ಟೇಷನ್‌ಗಳಲ್ಲಿ ರೈಲುಗಳು ಒಂದನ್ನೊಂದು ದಾಟಲು ಪಕ್ಕದ ಹಳಿ, ಅಂದರೆ ಲೂಪ್. ಇಂಥ ಹಾದಿಯನ್ನು ಕಾಯುವ ರೀತಿ ಮುಖ್ಯವಾಗಿ ಮೂರು. ನಿಮ್ಮ ಹಾದಿ ಯಾವುದಕ್ಕೆ ಸೇರಿದ್ದು ಅಂತ ಗೊತ್ತಿಲ್ಲದೆ ಕಡತ ಹುಡುಕಲು ಹೋದರೆ, ಹುಟ್ಟೇ ಇರದ ಕಾಗದವನ್ನು ತಿಂಗಳುಗಟ್ಟಲೆ ಹುಡುಕುತ್ತೀರಿ.

ಮೊದಲನೆಯದು ಟೋಕನ್ ಪದ್ಧತಿ. ಬ್ರಿಟನ್ನಿನಲ್ಲಿ, ಭಾರತದಲ್ಲಿ, ಬ್ರಿಟಿಷರ ಪ್ರಭಾವ ಇದ್ದ ಇತರ ಕಡೆಗಳಲ್ಲಿ ಬಳಕೆಯಲ್ಲಿದ್ದದ್ದು. ಎರಡು ಸ್ಟೇಷನ್‌ಗಳ ನಡುವಿನ ಹಳಿಗೆ ಒಂದು ಟೋಕನ್. ಅದು ಕೈಗೆ ಬರದೆ ಡ್ರೈವರ್ ಹೊರಡುವಂತಿಲ್ಲ. ಶುರುವಿನಲ್ಲಿ ಅದು ಬರೀ ಒಂದು ಕೋಲು. ಎಡ್ವರ್ಡ್ ಟೈಯರ್ 1878ರಲ್ಲಿ ಪೇಟೆಂಟ್ ಪಡೆದ ವಿದ್ಯುತ್ ಟ್ಯಾಬ್ಲೆಟ್ ಯಂತ್ರ ಬಂದ ಮೇಲೆ, ಒಂದು ಟ್ಯಾಬ್ಲೆಟ್ ಹೊರಗಿರುವಾಗ ಎರಡೂ ತುದಿಯಲ್ಲಿ ಇನ್ನೊಂದು ಹೊರಬರದಂತೆ ಬೀಗ ಬಿತ್ತು. ಭಾರತದಲ್ಲಿ ನೀಲ್ಸ್ ಬಾಲ್ ಟೋಕನ್ ಯಂತ್ರವನ್ನು ಬಹಳ ಕಡೆ ಬಳಸಿದರು. ಇಂಥ ಹಾದಿಗೆ ಟೋಕನ್ ವಿಭಾಗಗಳ ಪಟ್ಟಿ, ಸ್ಟೇಷನ್ ವರ್ಕಿಂಗ್ ರೂಲ್ಸ್, ರೈಲು ರಿಜಿಸ್ಟರ್ ಹುಡುಕಬೇಕು.

ಎರಡನೆಯದು ಟೈಮ್‌ಟೇಬಲ್ ಮತ್ತು ಟ್ರೈನ್ ಆರ್ಡರ್. ಇದು ಅಮೆರಿಕದ ರೀತಿ. ಎಷ್ಟೋ ಹಾದಿಗಳಲ್ಲಿ ಹಳಿ ಪಕ್ಕ ಸಿಗ್ನಲ್ಲೇ ಇರಲಿಲ್ಲ. ಯಾವ ರೈಲಿಗೆ ಆದ್ಯತೆ, ಯಾವುದು ಸೈಡಿಂಗ್‌ಗೆ (ಪಕ್ಕದ ಹಳಿಗೆ) ಸರಿದು ದಾರಿ ಬಿಡಬೇಕು ಎನ್ನುವುದು ಟೈಮ್‌ಟೇಬಲ್‌ನಲ್ಲೇ ಅಚ್ಚಾಗಿತ್ತು. ಏನಾದರೂ ಬದಲಾವಣೆ ಬಂದರೆ, ಇಡೀ ಹಾದಿಯ ರೈಲುಗಳ ಓಡಾಟ ನೋಡಿಕೊಳ್ಳುವ ಡಿಸ್ಪ್ಯಾಚರ್ ತಂತಿಯಲ್ಲಿ ಅಪ್ಪಣೆ ಕಳಿಸುತ್ತಿದ್ದ. ಸ್ಟೇಷನ್ನಿನ ಆಪರೇಟರ್ ಅದನ್ನು ತೆಳು ಹಾಳೆಯ ಮೇಲೆ ಬರೆದು ಸಿಬ್ಬಂದಿಗೆ ಕೊಡುತ್ತಿದ್ದ. ಇದರಲ್ಲಿ 19 ಮತ್ತು 31 ಎಂಬ ಎರಡು ನಮೂನೆ. 31ಕ್ಕೆ ಸಹಿ ಬೇಕು, ಹಾಗಾಗಿ ರೈಲು ನಿಲ್ಲಬೇಕು. 19 ಅನ್ನು ಓಡುವ ರೈಲಿಗೇ ಕೊಡಬಹುದು. ಹಳೆಯ ಕಾಗದದ ರಾಶಿಯಲ್ಲಿ 31 ಸಿಕ್ಕರೆ ಆ ರೈಲು ಅಲ್ಲಿ ನಿಂತಿತ್ತು ಅಂತ ಖಚಿತ. ಇಲ್ಲಿ ಟೋಕನ್ ಪಟ್ಟಿ ಕೇಳಿ ಪ್ರಯೋಜನ ಇಲ್ಲ. ಟ್ರೈನ್ ಆರ್ಡರ್‌ಗಳು ಮತ್ತು ಡಿಸ್ಪ್ಯಾಚರ್‌ನ ದಿನದ ಹಾಳೆ ಕೇಳಬೇಕು.

ಮೂರನೆಯದು ಟ್ರ್ಯಾಕ್ ಸರ್ಕ್ಯೂಟ್ ಮೇಲೆ ನಡೆಯುವ ವ್ಯವಸ್ಥೆ. ಹಳಿಯಲ್ಲೇ ಸಣ್ಣ ವಿದ್ಯುತ್ ಹರಿಯುತ್ತಿರುತ್ತದೆ. ರೈಲಿನ ಚಕ್ರ ಎರಡು ಹಳಿಗಳನ್ನು ಜೋಡಿಸಿದಾಗ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಬೀಳುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ತಂತಿ ತುಂಡಾದರೂ, ಬ್ಯಾಟರಿ ಸತ್ತರೂ ಕೆಂಪೇ. ಅಮೆರಿಕದ ವಿಲಿಯಂ ರಾಬಿನ್ಸನ್ ಇದನ್ನು 1872ರಲ್ಲಿ ರೂಪಿಸಿದ. ಇದರ ಮೇಲೇ ಸ್ವಯಂಚಾಲಿತ ಸಿಗ್ನಲ್ ಬಂತು. 1927ರಲ್ಲಿ ಓಹಾಯೋದ ಸ್ಟ್ಯಾನ್ಲಿ ಮತ್ತು ಬರ್ವಿಕ್ ನಡುವೆ ಒಂದೇ ಕಡೆ ಕೂತು ದೂರದ ಪಾಯಿಂಟ್ (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗ), ಸಿಗ್ನಲ್ ಎರಡನ್ನೂ ತಿರುಗಿಸುವ ಸಿಟಿಸಿ (ಸೆಂಟ್ರಲೈಸ್ಡ್ ಟ್ರಾಫಿಕ್ ಕಂಟ್ರೋಲ್) ಶುರುವಾಯಿತು. ಇಂಥ ಹಾದಿಗೆ ಸರ್ಕ್ಯೂಟ್ ನಕ್ಷೆ, ಪ್ಯಾನೆಲ್ ಚಿತ್ರ, ಸಿಗ್ನಲ್ ಇಲಾಖೆಯ ಕಡತಗಳು ಬೇಕು.

ಒಂದೇ ಹಾದಿ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಬಗೆಗೆ ಸೇರಿರಬಹುದು. ಮೈಲಿಗೊಂದು ಬಗೆಯೂ ಇರಬಹುದು. ತೀರಾ ಸಣ್ಣ ಹಾದಿಯಲ್ಲಿ ಒಂದೇ ಇಂಜಿನ್ ಓಡಿಸುತ್ತಿದ್ದದ್ದೂ ಉಂಟು. ಅಲ್ಲಿ ಸಿಗ್ನಲ್ ಸಿಗಲಿಲ್ಲ ಅಂತ ಬೇಸರ ಬೇಡ, ಸಿಗ್ನಲ್ ಬೇಕಿರಲೇ ಇಲ್ಲ.

ವರ್ಕಿಂಗ್ ಟೈಮ್‌ಟೇಬಲ್: ಇಲ್ಲಿಂದ ಶುರು ಮಾಡಿ

ಪ್ರಯಾಣಿಕರ ಟೈಮ್‌ಟೇಬಲ್ ಬೇರೆ, ಇದು ಬೇರೆ. ಇದು ಸಿಬ್ಬಂದಿಗೆ ಮಾತ್ರ. ಇದರಲ್ಲಿ ಗೂಡ್ಸ್ ರೈಲುಗಳಿವೆ, ಖಾಲಿ ಓಡುವ ಇಂಜಿನ್‌ಗಳಿವೆ, ಎಲ್ಲಿ ಯಾವ ರೈಲು ಯಾವುದನ್ನು ದಾಟಬೇಕು ಅಂತ ಇದೆ. ಮುಖಪುಟದಲ್ಲೇ ಜಾರಿಗೆ ಬಂದ ದಿನ ಇರುತ್ತದೆ. ಸಂಶೋಧನೆಗೆ ಇದು ದೊಡ್ಡ ಭಾಗ್ಯ.

ಅಮೆರಿಕದ ಒಂದು ಎಂಪ್ಲಾಯಿ ಟೈಮ್‌ಟೇಬಲ್ ಕೈಯಲ್ಲಿ ಹಿಡಿದರೆ ಏನೇನು ತಿಳಿಯುತ್ತದೆ ನೋಡಿ. ಸಮಯದ ಅಂಕಣದಲ್ಲಿ ಕೆಲವು ಅಂಕಿ ದಪ್ಪಕ್ಷರದಲ್ಲಿ ಇರುತ್ತವೆ. ಅಲ್ಲಿ ಎರಡು ರೈಲು ಎದುರಾಗುತ್ತವೆ ಅಥವಾ ಒಂದು ಇನ್ನೊಂದನ್ನು ಹಿಂದೆ ಹಾಕುತ್ತದೆ ಅಂತ ಅರ್ಥ. ಸ್ಟೇಷನ್ ಹೆಸರಿನ ಪಕ್ಕದ ಚಿಹ್ನೆಗಳು ತಂತಿ ಕಚೇರಿ ಹಗಲು ಮಾತ್ರ ತೆರೆದಿತ್ತೋ, ರಾತ್ರಿಯೂ ತೆರೆದಿತ್ತೋ ಹೇಳುತ್ತವೆ. ಹಗಲು ಮಾತ್ರ ಅಂದರೆ ರಾತ್ರಿ ಅಲ್ಲಿ ಟ್ರೈನ್ ಆರ್ಡರ್ ಕೊಡಲು ಯಾರೂ ಇರಲಿಲ್ಲ. ಸೈಡಿಂಗ್‌ನಲ್ಲಿ ಎಷ್ಟು ಬೋಗಿ ಹಿಡಿಯುತ್ತದೆ ಎಂಬ ಅಂಕಿ ಇರುತ್ತದೆ. ಹಿಂದಿನ ಪುಟಗಳ ವಿಶೇಷ ಸೂಚನೆಗಳಲ್ಲಿ ಯಾವ ಸ್ಟೇಷನ್‌ನಿಂದ ಯಾವ ಸ್ಟೇಷನ್‌ವರೆಗೆ 251ನೇ ನಿಯಮ, ಎಲ್ಲಿಂದ ಎಲ್ಲಿಗೆ 261ನೇ ನಿಯಮ ಅಂತ ಬರೆದಿರುತ್ತಾರೆ. ಸಾಮಾನ್ಯವಾಗಿ 251 ಅಂದರೆ ಆ ಹಳಿಗೆ ಗೊತ್ತುಮಾಡಿದ ದಿಕ್ಕಿನಲ್ಲಿ ಮಾತ್ರ ಸಿಗ್ನಲ್ ನೋಡಿ ಓಡಿಸುವುದು. 261 ಅಂದರೆ ಎರಡೂ ದಿಕ್ಕಿನಲ್ಲಿ ಸಿಗ್ನಲ್ ಮೇಲೇ ಓಡಿಸುವುದು. ಈ ಎರಡು ಸಾಲು ಸಿಕ್ಕರೆ ಹಾದಿಯ ಬಗೆ ಗೊತ್ತಾದಂತೆಯೇ.

ಇನ್ನೊಂದು ಸೂಕ್ಷ್ಮ ಇದೆ. ಗರಿಷ್ಠ ವೇಗದ ಪಟ್ಟಿ ನೋಡಿ. 1946ರ ಏಪ್ರಿಲ್ 25ರಂದು ಇಲಿನಾಯ್ಸ್‌ನ ನೇಪರ್‌ವಿಲ್‌ನಲ್ಲಿ ನಿಂತಿದ್ದ ರೈಲಿಗೆ ಹಿಂದಿನಿಂದ ಇನ್ನೊಂದು ರೈಲು ಬಡಿದು 45 ಜನ ಸತ್ತರು. ಅದಾದ ಮೇಲೆ, ಅಮೆರಿಕದ ರೈಲ್ವೆಗಳನ್ನು ನಿಯಂತ್ರಿಸುತ್ತಿದ್ದ ಅಂತರರಾಜ್ಯ ವಾಣಿಜ್ಯ ಆಯೋಗ 1947ರಲ್ಲಿ ಒಂದು ಆದೇಶ ಹೊರಡಿಸಿತು. ಗಂಟೆಗೆ 80 ಮೈಲಿ ಅಥವಾ ಅದಕ್ಕಿಂತ ವೇಗವಾಗಿ ಓಡಿಸಬೇಕಾದರೆ ಕ್ಯಾಬ್ ಸಿಗ್ನಲ್ (ಇಂಜಿನ್ ಒಳಗೇ ಡ್ರೈವರ್‌ಗೆ ಕಾಣುವ ಸಿಗ್ನಲ್) ಅಥವಾ ರೈಲನ್ನು ತಾನಾಗಿ ನಿಲ್ಲಿಸುವ ಸಾಧನ ಇರಲೇಬೇಕು. ಬ್ಲಾಕ್ ಸಿಗ್ನಲ್ (ಹಾದಿಯ ಒಂದೊಂದು ಭಾಗಕ್ಕೆ ಒಂದೇ ರೈಲು ಬಿಡುವ ಸಿಗ್ನಲ್) ಇಲ್ಲದ ಕಡೆ ಪ್ರಯಾಣಿಕರ ರೈಲು 60ಕ್ಕಿಂತ, ಗೂಡ್ಸ್ 50ಕ್ಕಿಂತ ಕಡಿಮೆ ವೇಗದಲ್ಲೇ ಹೋಗಬೇಕು. ಹಾಗಾಗಿ 1950ರ ದಶಕದ ಒಂದು ಟೈಮ್‌ಟೇಬಲ್‌ನಲ್ಲಿ 79 ಅಂತ ಕಂಡರೆ, ಅಲ್ಲಿ ಬ್ಲಾಕ್ ಸಿಗ್ನಲ್ ಇತ್ತು, ಕ್ಯಾಬ್ ಸಿಗ್ನಲ್ ಬಹುಶಃ ಇರಲಿಲ್ಲ ಅಂತ ಊಹಿಸಬಹುದು. 59 ಮತ್ತು 49 ಅಂತ ಜೋಡಿಯಾಗಿ ಕಂಡರೆ ಹಳಿ ಪಕ್ಕ ಸಿಗ್ನಲ್ಲೇ ಇರದಿರುವ ಸಾಧ್ಯತೆ ಜಾಸ್ತಿ. ಒಂದು ಅಂಕಿ ಇಷ್ಟು ಹೇಳುತ್ತದೆ ಅಂದರೆ ಖುಷಿಯಾಗುತ್ತದೆ, ಅಲ್ವಾ? ಆದರೂ ಇದು ಸುಳಿವು ಅಷ್ಟೇ. ತಿರುವು, ಸೇತುವೆ, ಹಳಿಯ ಸ್ಥಿತಿಯಿಂದಲೂ ವೇಗ ಇಳಿದಿರುತ್ತದೆ.

ಬ್ರಿಟನ್ನಿನ ಹಾದಿಯಾದರೆ ಟೈಮ್‌ಟೇಬಲ್ ಜೊತೆಗೆ ಬರುವ ಅನುಬಂಧ ಬಿಡಬೇಡಿ. ಸಿಂಗಲ್ ಲೈನ್‌ನ ಯಾವ ಭಾಗಕ್ಕೆ ಕೋಲು, ಯಾವುದಕ್ಕೆ ಟ್ಯಾಬ್ಲೆಟ್ ಅಂತ ಟೈಮ್‌ಟೇಬಲ್‌ನಲ್ಲೋ ಈ ಅನುಬಂಧದಲ್ಲೋ ಸಿಗುತ್ತದೆ.

ಟೈಮ್‌ಟೇಬಲ್‌ಗೂ ಒಂದು ಮಿತಿ ಇದೆ. ಸಿಗ್ನಲ್ ಕಂಬ ನಿಖರವಾಗಿ ಎಲ್ಲಿತ್ತು ಅಂತ ಅದು ಹೇಳುವುದಿಲ್ಲ. ಎರಡು ಆವೃತ್ತಿಗಳ ನಡುವೆ ಆದ ಬದಲಾವಣೆಯ ದಿನವನ್ನೂ ಹೇಳುವುದಿಲ್ಲ. ಅದಕ್ಕೆ ವಾರದ ನೋಟಿಸ್ ಅಥವಾ ಬುಲೆಟಿನ್ ಬೇಕು. ಆದರೆ ಅವು ಉಳಿದಿರುವುದು ಕಡಿಮೆ.

ಅಪಘಾತದ ವರದಿ: ನಿಜವಾಗಿ ಏನು ನಡೆಯುತ್ತಿತ್ತು

ನಿಯಮ ಪುಸ್ತಕ ಹೇಗೆ ನಡೆಯಬೇಕಿತ್ತು ಅಂತ ಹೇಳುತ್ತದೆ. ಹೇಗೆ ನಡೆಯಿತು ಅಂತ ಹೇಳುವ ದಾಖಲೆಗಳಲ್ಲಿ ತನಿಖಾ ವರದಿಗೆ ಸಾಟಿ ಇಲ್ಲ. ತನಿಖಾಧಿಕಾರಿ ಮೊದಲು ಹಾದಿಯ ವರ್ಣನೆ ಕೊಡುತ್ತಾನೆ. ಎಷ್ಟು ಲೂಪ್, ಸಿಗ್ನಲ್ ಎಷ್ಟು ದೂರ, ಇಳಿಜಾರು ಎಷ್ಟು, ಯಾವ ಯಂತ್ರ, ಯಾರ ಕೈಯಲ್ಲಿ. ಆಮೇಲೆ ಸಿಬ್ಬಂದಿಯ ಹೇಳಿಕೆ. ಇಷ್ಟೆಲ್ಲ ಒಂದೇ ಕಡೆ, ಒಂದು ಖಚಿತ ದಿನಾಂಕದ ಜೊತೆ ಬೇರೆಲ್ಲೂ ಸಿಗುವುದಿಲ್ಲ.

ಕ್ಯಾಂಬ್ರಿಯನ್ ರೈಲ್ವೆಯ ಉದಾಹರಣೆ ತೆಗೆದುಕೊಳ್ಳಿ. ವೇಲ್ಸ್‌ನ ಸಿಂಗಲ್ ಲೈನ್, ಟೈಯರ್ ಟ್ಯಾಬ್ಲೆಟ್ ಯಂತ್ರ. ಕಾಗದದ ಮೇಲೆ ನೋಡಿದರೆ ತಪ್ಪಾಗಲು ದಾರಿಯೇ ಇಲ್ಲ. 1921ರ ಜನವರಿ 26ರಂದು ಆಬರ್‌ಮ್ಯೂಲ್ ಬಳಿ ಎರಡು ರೈಲು ಎದುರುಬದುರು ಗುದ್ದಿ 17 ಜನ ಸತ್ತರು. ತನಿಖೆಯಲ್ಲಿ ಹೊರಬಂದದ್ದು ಹೀಗೆ. ಟ್ಯಾಬ್ಲೆಟ್ ಯಂತ್ರಗಳು ಸಿಗ್ನಲ್ ಕ್ಯಾಬಿನ್‌ನಲ್ಲಿ ಇರಲಿಲ್ಲ, ಸ್ಟೇಷನ್ ಕಟ್ಟಡದಲ್ಲಿದ್ದವು. ಸ್ಟೇಷನ್ ಮಾಸ್ಟರ್ ಮತ್ತು ಸಿಗ್ನಲ್‌ಮನ್ ಮಾತ್ರ ಮುಟ್ಟಬೇಕು ಅಂತ ನಿಯಮ. ನಡೆಯುತ್ತಿದ್ದದ್ದು ಬೇರೆ. ಪೋರ್ಟರ್, ಹುಡುಗ ಕ್ಲರ್ಕ್ ಕೂಡ ಬಳಸುತ್ತಿದ್ದರು. ಅವತ್ತು ನಿಧಾನದ ರೈಲಿನ ಡ್ರೈವರ್ ತಾನು ದಾಟಿ ಬಂದ ಭಾಗದ ಟ್ಯಾಬ್ಲೆಟ್ ಕೊಟ್ಟ. ಅದೇ ಟ್ಯಾಬ್ಲೆಟ್ ಕೈಯಿಂದ ಕೈಗೆ ಹೋಗಿ, ಮುಂದಿನ ಭಾಗದ್ದು ಎಂಬಂತೆ ಅವನ ಕೈಗೇ ವಾಪಸ್ ಬಂತು. ಅದರ ಮೇಲಿನ ಹೆಸರನ್ನು ಯಾರೂ ಓದಲಿಲ್ಲ. ಎದುರಿನಿಂದ ಎಕ್ಸ್‌ಪ್ರೆಸ್ ಆಗಲೇ ಹೊರಟಿತ್ತು.

ಯಂತ್ರ ಎಲ್ಲಿತ್ತು, ಯಾರು ಮುಟ್ಟುತ್ತಿದ್ದರು, ಡ್ರೈವರ್ ಹೆಸರು ಓದುವ ರೂಢಿ ಇತ್ತೋ ಇಲ್ಲವೋ. ಇವು ಯಾವ ಟೈಮ್‌ಟೇಬಲ್‌ನಲ್ಲೂ, ಯಾವ ನಿಯಮ ಪುಸ್ತಕದಲ್ಲೂ ಸಿಗುವ ಮಾತಲ್ಲ. ಅಪಘಾತದ ವರದಿ ಓದುವಾಗ ಮನಸ್ಸು ಭಾರವಾಗುತ್ತದೆ. ಅದು ಸಹಜ. ಸತ್ತವರ ಲೆಕ್ಕವನ್ನು ಸುಮ್ನೆ ಒಂದು ಅಂಕಿ ಅಂತ ದಾಟಬಾರದು. ಆ ಹಾದಿಯ ನಿಯಮಗಳು ಮುಂದೆ ಯಾಕೆ ಬದಲಾದವು ಅನ್ನುವುದಕ್ಕೆ ಕಾರಣ ಅಲ್ಲೇ ಇರುತ್ತದೆ. ಆಗ ಬ್ರಿಟಿಷ್ ಆಳ್ವಿಕೆಯಲ್ಲಿದ್ದ ಐರ್ಲೆಂಡಿನಲ್ಲಿ 1889ರ ಜೂನ್‌ನಲ್ಲಿ ಆರ್ಮಾ ರೈಲು ದುರಂತ ನಡೆಯಿತು. ಅದೇ ವರ್ಷ ಬಂದ ಕಾನೂನಿನಿಂದ ಬ್ಲಾಕ್ ಪದ್ಧತಿ, ಇಂಟರ್‌ಲಾಕಿಂಗ್ (ಸಿಗ್ನಲ್ ಮತ್ತು ಪಾಯಿಂಟ್ ಒಂದಕ್ಕೊಂದು ವಿರುದ್ಧವಾಗದಂತೆ ಹಾಕುವ ಬೀಗ), ಪ್ರಯಾಣಿಕರ ರೈಲಿನ ಎಲ್ಲ ಬೋಗಿಗಳಿಗೂ ಒಟ್ಟಿಗೆ ಬೀಳುವ ಬ್ರೇಕ್ ಕಡ್ಡಾಯವಾದವು.

ಎಲ್ಲಿ ಹುಡುಕುವುದು? ಬ್ರಿಟನ್ನಿನಲ್ಲಿ ರೈಲ್ವೆ ತನಿಖಾಧಿಕಾರಿಗಳ ವ್ಯವಸ್ಥೆ 1840ರಿಂದ ಇದೆ. ಅವರ ವರದಿಗಳು ಲಂಡನ್ನಿನ ಕ್ಯೂ (Kew) ಎಂಬಲ್ಲಿರುವ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಎಂಟಿ 29 (MT 29) ಎಂಬ ಸಾಲಿನಲ್ಲಿವೆ. ಅಮೆರಿಕದಲ್ಲಿ 1910ರ ಕಾನೂನಿನ ನಂತರ ಅಂತರರಾಜ್ಯ ವಾಣಿಜ್ಯ ಆಯೋಗ ಬರೆದ ವರದಿಗಳು ಸಿಗುತ್ತವೆ. ಭಾರತದಲ್ಲಿ ರೈಲ್ವೆ ಸುರಕ್ಷತಾ ಆಯುಕ್ತರ ವರದಿಗಳು. ಈ ಆಯುಕ್ತರು ರೈಲ್ವೆ ಇಲಾಖೆಯವರಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಅಡಿಯಲ್ಲಿ ಇರುವವರು.

ಕೊರತೆ ಒಂದೇ. ನಿಮ್ಮ ಹಾದಿಯಲ್ಲಿ ಅಪಘಾತವೇ ಆಗಿರದಿದ್ದರೆ ವರದಿಯೂ ಇರುವುದಿಲ್ಲ. ಆಗ ಅದೇ ಕಂಪನಿಯ, ಅದೇ ಯಂತ್ರ ಇದ್ದ ಪಕ್ಕದ ಹಾದಿಯ ವರದಿ ಓದಿ. ರೂಢಿಗಳು ಬಹುಪಾಲು ಒಂದೇ ತೆರನಾಗಿರುತ್ತವೆ.

ರಿಜಿಸ್ಟರ್ ನಂಬಬಹುದೇ?

ಕ್ಯಾಬಿನ್‌ನ ರೈಲು ರಿಜಿಸ್ಟರ್ ಸಿಕ್ಕರೆ ಎಲ್ಲರಿಗೂ ಸಂಭ್ರಮ. ಪ್ರತಿ ರೈಲಿನ ನಿಮಿಷ ನಿಮಿಷದ ಲೆಕ್ಕ, ಸಿಗ್ನಲ್‌ಮನ್‌ನ ಕೈಬರಹ. ಆದರೆ ಕ್ವಿಂಟಿನ್ಸ್‌ಹಿಲ್ ನೆನಪಿರಲಿ. ಸ್ಕಾಟ್ಲೆಂಡ್‌ನಲ್ಲಿ 1915ರ ಮೇ 22ರಂದು ನಡೆದ ಆ ದುರಂತದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಸಿಗ್ನಲ್‌ಮನ್‌ಗಳ ಪಾಳಿ ಬದಲಾಗಬೇಕಿದ್ದದ್ದು ಬೆಳಗ್ಗೆ 6 ಗಂಟೆಗೆ. ಹಗಲು ಪಾಳಿಯವನು ತಡವಾಗಿ ಬರುವುದು ಇಬ್ಬರ ನಡುವಿನ ಒಪ್ಪಂದವಾಗಿತ್ತು. 6ರ ನಂತರದ ರೈಲುಗಳ ವಿವರವನ್ನು ರಾತ್ರಿ ಪಾಳಿಯವನು ಒಂದು ಚೀಟಿಯಲ್ಲಿ ಬರೆದಿಡುತ್ತಿದ್ದ. ಹಗಲಿನವನು ಬಂದು ತನ್ನ ಕೈಬರಹದಲ್ಲಿ ರಿಜಿಸ್ಟರ್‌ಗೆ ಇಳಿಸುತ್ತಿದ್ದ. ಪಾಳಿ ಸಮಯಕ್ಕೆ ಸರಿಯಾಗಿ ಬದಲಾಯಿತು ಅಂತ ರಿಜಿಸ್ಟರ್ ಹೇಳುತ್ತದೆ. ನಡೆದದ್ದು ಹಾಗಲ್ಲ.

ಎಲ್ಲ ರಿಜಿಸ್ಟರ್ ಸುಳ್ಳು ಅಂತ ಇದರ ಅರ್ಥವಲ್ಲ. ದಿನಕ್ಕೆ ಎಷ್ಟು ರೈಲು, ಕ್ಯಾಬಿನ್ ಯಾವಾಗ ತೆರೆದಿತ್ತು, ಒಂದು ಭಾಗ ದಾಟಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದಕ್ಕೆ ಅದು ಚಿನ್ನ. ಟೈಮ್‌ಟೇಬಲ್‌ನಲ್ಲಿ ಅಚ್ಚಾದ ಎಷ್ಟು ಗೂಡ್ಸ್ ನಿಜವಾಗಿ ಓಡಿದವು ಅಂತಲೂ ತಿಳಿಯುತ್ತದೆ. ಆದರೆ ತೊಂದರೆಯಾದ ದಿನದ ಪುಟವನ್ನು ಬೇರೆ ಸಾಕ್ಷಿ ಇಲ್ಲದೆ ನಂಬಬೇಡಿ. ಡಿಸ್ಪ್ಯಾಚರ್‌ನ ಹಾಳೆಗೂ ಇದೇ ಮಾತು.

ನಕ್ಷೆ, ಫೋಟೊ, ನೆನಪು

ಸಿಗ್ನಲ್ ನಕ್ಷೆ ಮತ್ತು ಲಾಕಿಂಗ್ ಪಟ್ಟಿ ಒಟ್ಟಿಗೆ ಸಿಕ್ಕರೆ ಮಾತ್ರ ಪೂರ್ತಿ ಉಪಯೋಗ. ನಕ್ಷೆ ಎಲ್ಲಿ ಏನಿತ್ತು ಅಂತ ತೋರಿಸುತ್ತದೆ. ಯಾವ ಲಿವರ್ (ಸಿಗ್ನಲ್, ಪಾಯಿಂಟ್ ತಿರುಗಿಸುವ ಕ್ಯಾಬಿನ್‌ನ ಹಿಡಿಕೆ) ಎಳೆದರೆ ಯಾವುದಕ್ಕೆ ಬೀಗ ಬೀಳುತ್ತದೆ ಅಂತ ಪಟ್ಟಿ ಹೇಳುತ್ತದೆ. ಮಾದರಿ ರೈಲು ಕಟ್ಟುವವರಿಗೆ ಇದೇ ಮೊದಲ ಆಯ್ಕೆ, ಒಪ್ಪುತ್ತೇನೆ. ಆದರೆ ಇತಿಹಾಸ ಬರೆಯುವವರಿಗೆ ಒಂದು ಎಚ್ಚರಿಕೆ. ಎಷ್ಟೋ ನಕ್ಷೆಗಳು ಪ್ರಸ್ತಾವನೆಗಳು. ಬರೆದರು, ಹಣ ಸಿಗಲಿಲ್ಲ, ಅಲ್ಲಿಗೇ ನಿಂತಿತು. ಕಟ್ಟಿದ್ದಕ್ಕೆ ಸಾಕ್ಷಿ ಬೇಕು. ಬ್ರಿಟನ್ನಿನಲ್ಲಿ ಪ್ರಯಾಣಿಕರ ಹಾದಿಯ ಹೊಸ ಕೆಲಸಕ್ಕೆ ತನಿಖಾಧಿಕಾರಿ ಬಂದು ನೋಡಿ ಬರೆದ ವರದಿ ಇರುತ್ತದೆ. ಕ್ಯಾಬಿನ್‌ನಲ್ಲಿ ಇಷ್ಟು ಲಿವರ್ ಕೆಲಸಕ್ಕೆ, ಇಷ್ಟು ಖಾಲಿ ಅಂತ ಅದರಲ್ಲಿ ಬರೆದಿರುತ್ತಾರೆ. ನಕ್ಷೆಯ ಲಿವರ್ ಲೆಕ್ಕ ಇದಕ್ಕೆ ತಾಳೆಯಾದರೆ ನಿಶ್ಚಿಂತೆ.

ಅಮೆರಿಕದ ಹಾದಿಯಲ್ಲಿ ಸಿಗ್ನಲ್ ಕಿತ್ತುಹಾಕಿದ ಕಾಲ ಬೇಕಿದ್ದರೆ ಬೇರೆ ಒಳ್ಳೆಯ ದಾರಿ ಇದೆ. 1937ರ ಕಾನೂನಿನ ನಂತರ ಸಿಗ್ನಲ್ ವ್ಯವಸ್ಥೆ ತೆಗೆಯಲು ಅಥವಾ ಗಣನೀಯವಾಗಿ ಬದಲಿಸಲು ಆಯೋಗದ ಒಪ್ಪಿಗೆ ಬೇಕಾಯಿತು. ಆಮೇಲೆ ಆ ಕೆಲಸ ಫೆಡರಲ್ ರೈಲ್‌ರೋಡ್ ಆಡಳಿತಕ್ಕೆ ಬಂತು. ಆ ಅರ್ಜಿಗಳಲ್ಲಿ ಏನು, ಎಲ್ಲಿ, ಯಾಕೆ ಎಂಬ ಮೂರೂ ಇರುತ್ತವೆ. ಸಂಶೋಧಕರು ಇದನ್ನು ಇಷ್ಟು ಕಡಿಮೆ ಬಳಸುವುದು ನನಗೆ ಬೇಸರದ ಸಂಗತಿ.

ಫೋಟೊ ಕಂಬದ ಜಾಗ, ಆಕಾರ, ಕಾಲ ತಿಳಿಯಲು ಉಪಯೋಗ. ಬ್ರಿಟನ್ನಿನಲ್ಲಿ ಡಿಸ್ಟೆಂಟ್ (ಮುಂದಿನ ಸಿಗ್ನಲ್ ಬಗ್ಗೆ ಮೊದಲೇ ಎಚ್ಚರಿಸುವ) ಕೈಮರದ ತೋಳು ಮೊದಲು ಕೆಂಪಾಗಿತ್ತು, 1920ರ ದಶಕದಿಂದ ಹಳದಿಗೆ ತಿರುಗಿತು. ಕಪ್ಪುಬಿಳುಪು ಚಿತ್ರದಲ್ಲಿ ಬಣ್ಣ ಕಾಣದಿದ್ದರೂ ತೋಳಿನ ಮೇಲಿನ ಪಟ್ಟಿ ನೋಡಿ. ಹಳದಿ ತೋಳಿಗೆ ಕಪ್ಪು ಪಟ್ಟಿ, ಕೆಂಪು ತೋಳಿಗೆ ಬಿಳಿ ಪಟ್ಟಿ. ತೋಳು ಕೆಳಕ್ಕೆ ಬೀಳುತ್ತದೋ ಮೇಲಕ್ಕೆ ಏಳುತ್ತದೋ ನೋಡಿದರೆ ಯಂತ್ರದ ಪೀಳಿಗೆ ತಿಳಿಯುತ್ತದೆ. ಇಂಜಿನ್ ಹಿಂದಿನ ಸಿಗ್ನಲ್‌ನ ತೋಳು ಅಡ್ಡಕ್ಕಿದ್ದರೆ, ಅಂದರೆ 'ನಿಲ್ಲು' ಅಂತ ತೋರಿಸಿದರೆ, ಡ್ರೈವರ್ ನಿಯಮ ಮುರಿದ ಅಂತ ತೀರ್ಮಾನಿಸಬೇಡಿ. ರೈಲು ದಾಟಿದ ಮೇಲೆ ಅದು ಅಡ್ಡಕ್ಕೆ ಬರಲೇಬೇಕು. ಫೋಟೊ ತಿರುಗುಮುರುಗಾಗಿ ಅಚ್ಚಾಗಿದೆಯೇ ಅಂತ ಇಂಜಿನ್ ನಂಬರ್ ನೋಡಿ ಖಚಿತ ಮಾಡಿಕೊಳ್ಳಿ.

ಕೆಲಸ ಮಾಡಿದ ಹಿರಿಯರ ಮಾತು ದಿನಾಂಕಕ್ಕೆ ಆಗುವುದಿಲ್ಲ. ಕೈಕೆಲಸಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ. ಹಾಗಾಗಿ "ಯಾವ ವರ್ಷ ಬದಲಾಯಿತು" ಅಂತ ಕೇಳಬೇಡಿ. ನಕ್ಷೆ ಮುಂದಿಟ್ಟು "ಯಾವ ಲಿವರ್ ಎಳೆಯಲು ಭಾರ", "ಮಳೆಗಾಲದಲ್ಲಿ ಯಂತ್ರ ಕೆಟ್ಟರೆ ಏನು ಮಾಡುತ್ತಿದ್ದಿರಿ", "ಲೈನ್ ಕ್ಲಿಯರ್ ಸಿಗದೆ ಎಷ್ಟು ಹೊತ್ತು ಕಾಯುತ್ತಿದ್ದಿರಿ" ಅಂತ ಕೇಳಿ. ಕೈಗಳು ತಾವಾಗಿ ಗಾಳಿಯಲ್ಲಿ ಲಿವರ್ ಹುಡುಕುತ್ತವೆ. ದಾಖಲೆಗಳು ಇನ್ನೂ ಕಾಯಬಹುದು, ಇವರು ಕಾಯಲಾರರು. ಅವರಿಗೆ ಉಳಿದ ಸಮಯ ಕಡಿಮೆ ಅನ್ನಿಸಿದರೆ ಮೇಲೆ ಹೇಳಿದ ಅನುಕ್ರಮ ಬದಿಗಿಟ್ಟು ಮೊದಲು ಇವರನ್ನು ಭೇಟಿಯಾಗಿ.

ತಯಾರಕರ ಕ್ಯಾಟಲಾಗ್ ಮತ್ತು ವೃತ್ತಿ ಪತ್ರಿಕೆಗಳ ಬಗ್ಗೆ ಎರಡೇ ಮಾತು. ಯಂತ್ರದ ಒಳಗಿನ ಕೆಲಸ ಅರ್ಥವಾಗಲು ಬಹಳ ಒಳ್ಳೆಯವು. ಆದರೆ ಅವು ಮಾರಾಟಕ್ಕೇನಿತ್ತು ಅಂತ ಹೇಳುತ್ತವೆ, ನಿಮ್ಮ ಹಾದಿಯಲ್ಲಿ ಏನಿತ್ತು ಅಂತ ಅಲ್ಲ. ಪತ್ರಿಕೆಗಳು ಹೊಸತನ್ನೇ ಬರೆಯುತ್ತವೆ, ಸಣ್ಣ ಹಾದಿಯ ಹಳೆಯ ಕೈಮರ ಅವಕ್ಕೆ ಸುದ್ದಿಯಲ್ಲ.

ಎರಡು ದಾಖಲೆ ಜಗಳವಾಡಿದರೆ

ಇದು ಆಗೇ ಆಗುತ್ತದೆ. ಟೈಮ್‌ಟೇಬಲ್ ಒಂದು ಸ್ಟೇಷನ್ನಿನಲ್ಲಿ ಲೂಪ್ ಇದೆ ಅನ್ನುತ್ತದೆ, ನಕ್ಷೆ ಇಲ್ಲ ಅನ್ನುತ್ತದೆ. ಮೊದಲು ಎರಡರ ದಿನಾಂಕ ನೋಡಿ. ನಕ್ಷೆಗಳಲ್ಲಿ ಬರೆದ ದಿನ ಒಂದು, ತಿದ್ದಿದ ದಿನ ಇನ್ನೊಂದು. ಮೂಲೆಯಲ್ಲಿ ಸಣ್ಣಕ್ಷರದ ತಿದ್ದುಪಡಿ ಪಟ್ಟಿ ಇರುತ್ತದೆ. ಅದನ್ನು ಓದದೆ ನಕ್ಷೆಯ ಫೋಟೊ ತೆಗೆದುಕೊಂಡು ಬರಬೇಡಿ. ದಿನಾಂಕ ಒಂದೇ ಆಗಿದ್ದರೆ, ತಪ್ಪಾದರೆ ಯಾರ ಜೀವಕ್ಕೆ ಅಪಾಯ ಆಗುತ್ತಿತ್ತು ಅಂತ ಕೇಳಿಕೊಳ್ಳಿ. ಡ್ರೈವರ್ ಕೈಯಲ್ಲಿ ಹಿಡಿದು ಓಡಿಸುವ ಟೈಮ್‌ಟೇಬಲ್‌ನಲ್ಲಿ ಇಲ್ಲದ ಲೂಪ್ ಅಚ್ಚಾದರೆ ಮರುದಿನವೇ ಗಲಾಟೆ, ಕೂಡಲೇ ತಿದ್ದುಪಡಿ. ಕಚೇರಿಯ ಕಪಾಟಿನ ನಕ್ಷೆಯಲ್ಲಿ ತಪ್ಪು ಹತ್ತು ವರ್ಷ ಉಳಿದರೂ ಯಾರೂ ಗಮನಿಸದಿರಬಹುದು. ಅದಕ್ಕೇ ನಾನು ಓಡಿಸುವವರ ಕೈಯಲ್ಲಿದ್ದ ಕಾಗದದ ಕಡೆ ವಾಲುತ್ತೇನೆ.

ಆಮೇಲೂ ಬಗೆಹರಿಯದಿದ್ದರೆ ಜಾಗ ನೋಡಿ. ಕಂಬದ ಬುಡದ ಕಾಂಕ್ರೀಟ್, ತಂತಿ ಹಾಯುತ್ತಿದ್ದ ರಾಟೆಯ ಗೂಟ, ಲೂಪ್ ಇದ್ದ ಕಡೆ ಅಗಲವಾಗಿ ಉಳಿದ ಸಮತಟ್ಟು ನೆಲ. ರೈಲು ಓಡುವ ಹಾದಿಯಾದರೆ ಹಳಿಯ ಮೇಲೆ ಕಾಲಿಡಬೇಡಿ. ಪ್ಲಾಟ್‌ಫಾರಂ, ಮೇಲ್ಸೇತುವೆ, ರಸ್ತೆಯಿಂದ ಕಾಣುವಷ್ಟು ಸಾಕು, ಒಳಗೆ ಹೋಗಬೇಕಾದರೆ ಅನುಮತಿ ಪಡೆದೇ ಹೋಗಿ. ಸಿಕ್ಕ ಪ್ರತಿ ವಿವರದ ಪಕ್ಕದಲ್ಲಿ ಯಾವ ದಾಖಲೆ, ಯಾವ ದಿನದ್ದು ಅಂತ ಆಗಲೇ ಬರೆದಿಟ್ಟುಕೊಳ್ಳಿ. "1930ರ ದಶಕದಲ್ಲಿ ಹೀಗಿತ್ತು" ಅನ್ನುವುದಕ್ಕಿಂತ "ಈ ತಾರೀಖಿನ ಟೈಮ್‌ಟೇಬಲ್‌ನಲ್ಲಿ ಹೀಗಿದೆ" ಎಂಬ ಸಾಲು, ನಿಮ್ಮ ನಂತರ ಅದೇ ಹಾದಿಯನ್ನು ಹುಡುಕುವವರಿಗೆ ನಿಜಕ್ಕೂ ಕೆಲಸಕ್ಕೆ ಬರುತ್ತದೆ.